ಜೀನ್ಸ್ ಯೂನಿಟ್ಟಿನ ನಾಲ್ವರು: ಬಳ್ಳಾರಿಯಲ್ಲಿ ಹುಡುಗಿಯರ ಗ್ಯಾಂಗಿನ ಸೇಡಿನ ಕಿರುಚಿತ್ರ ತೆಗೆಯುವುದು ಹೇಗೆ

ಸೇಡಿನ ಚಿತ್ರ ಅಂದ ಕೂಡಲೇ ಎಲ್ಲರೂ ಮೊದಲು ಹುಡುಕುವುದು ಲಾಂಗು. ಹುಡುಗಿಯರ ಗ್ಯಾಂಗಿನ ಕಥೆಯನ್ನು ಅಲ್ಲಿಂದ ಶುರು ಮಾಡಿದರೆ ಕೆಟ್ಟಿತು ಅಂತಲೇ ಲೆಕ್ಕ. ನಾಲ್ಕು ಹುಡುಗಿಯರು ಸ್ಲೋ ಮೋಷನ್ನಿನಲ್ಲಿ ನಡೆದು ಬರುತ್ತಾರೆ, ಹಿಂದೆ ಹೊಗೆ, ಕೈಯಲ್ಲಿ ಲಾಂಗು. ಅವರು ಯಾರು, ಎಲ್ಲಿ ಉಣ್ಣುತ್ತಾರೆ, ಒಬ್ಬಳಿಗಾಗಿ ಇನ್ನೊಬ್ಬಳು ಯಾಕೆ ಜೈಲಿಗೆ ಹೋಗಲೂ ತಯಾರು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಮೊದಲು ಅವರಿಗೊಂದು ಕೆಲಸ ಹುಡುಕಿ. ಬಳ್ಳಾರಿಯಲ್ಲಿ ಅದು ಕಣ್ಣೆದುರಿಗೇ ಇದೆ: ಜೀನ್ಸ್ ಹೊಲಿಯುವ ಯೂನಿಟ್ಟುಗಳು, ವಾಷಿಂಗ್ ಯೂನಿಟ್ಟುಗಳು. ರಾಯಚೂರಾದರೆ ಹತ್ತಿ ಜಿನ್ನಿಂಗ್, ಗಂಗಾವತಿಯಾದರೆ ಅಕ್ಕಿ ಗಿರಣಿ. ಇಲ್ಲಿ ಹೇಳುವುದೆಲ್ಲ ಬಳ್ಳಾರಿಗೆ, 12ರಿಂದ 15 ನಿಮಿಷದ ಚಿತ್ರಕ್ಕೆ, ಫೋನ್ ಕ್ಯಾಮೆರಾಕ್ಕೆ, 8 ಜನರ ತಂಡಕ್ಕೆ, 3 ದಿನದ ಶೂಟಿಂಗಿಗೆ. ನಟಿಯರೆಲ್ಲ 18 ದಾಟಿದವರೇ ಇರಲಿ.

ಕಥೆಯ ಅಳತೆ

ಸ್ಕ್ರಿಪ್ಟಿನ ಒಂದು ಪುಟ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. 15 ಪುಟದಲ್ಲಿ ಅನ್ಯಾಯ ಎರಡನೇ ಪುಟದೊಳಗೆ ಮುಗಿಯಬೇಕು, ಮೊದಲ ಏಟು ಆರನೇ ಪುಟಕ್ಕೆ ಬೀಳಬೇಕು, ಮತ್ತು ಆ ಏಟು ತಪ್ಪಬೇಕು. ತಪ್ಪು ಮನುಷ್ಯನಿಗೆ ಬೀಳಬಹುದು, ಬೇಕಾದ್ದಕ್ಕಿಂತ ಜೋರಾಗಿ ಬೀಳಬಹುದು. ಮೊದಲ ಸಲವೇ ಎಲ್ಲ ಸರಿಹೋದರೆ ಮುಂದಿನ ಒಂಬತ್ತು ಪುಟಕ್ಕೆ ಕೆಲಸವೇ ಉಳಿಯುವುದಿಲ್ಲ. ಕೊನೆಯ ನಾಲ್ಕು ಪುಟ, ಸೇಡಿಗೆ ಅವರು ತೆತ್ತ ಬೆಲೆಗೆ.

ಗ್ಯಾಂಗಿಗೆ ನಾಲ್ವರು ಸಾಕು: ಲೆಕ್ಕ ಇಡುವವಳು, ಸ್ಕೂಟಿ ಓಡಿಸುವವಳು, ಕಾವಲು ನಿಲ್ಲುವವಳು, ಕೈ ಮಾಡುವವಳು. ಆರು ಜನ ಆದರೆ 15 ನಿಮಿಷದಲ್ಲಿ ಮುಖಗಳೇ ನೆನಪಿನಲ್ಲಿ ನಿಲ್ಲುವುದಿಲ್ಲ. ನಾಲ್ವರಲ್ಲಿ ಒಬ್ಬಳಿಗೆ ಇದು ಬೇಡವಾಗಿರಬೇಕು. ಅವಳಿಂದಲೇ ಕಥೆಗೆ ಬಿಗಿ ಬರುವುದು.

ಆಯುಧಗಳು ಯೂನಿಟ್ಟಿನಿಂದಲೇ ಬರಲಿ. 1970ರ ದಶಕದ ಜಪಾನಿನಲ್ಲಿ ‘ಸುಕೆಬಾನ್’ ಅಂತ ಹುಡುಗಿಯರ ಗ್ಯಾಂಗಿನ ಚಿತ್ರಗಳ ಒಂದು ಪ್ರಕಾರವೇ ಇತ್ತು. ಅಲ್ಲಿನ ಗುರುತು ಶಾಲೆಯ ಯೂನಿಫಾರ್ಮನ್ನೇ ಉದ್ದ ಮಾಡಿಕೊಂಡ ಲಂಗ, ಅದರೊಳಗೆ ಬ್ಲೇಡು, ಚೈನು. ಇಲ್ಲಿ ನೂಲು ಕತ್ತರಿ, ಬಂಡಲ್ ಕಟ್ಟುವ ಹಗ್ಗ, ಕಾಲುಚೀಲದಲ್ಲಿ ತುಂಬಿ ಗಂಟು ಹಾಕಿದ ಜೀನ್ಸಿನ ಲೋಹದ ಗುಂಡಿಗಳು. ಈ ಕೊನೆಯದನ್ನು ಎರಡು ಬಾರಿ ತೆಗೆಯಿರಿ. ಕ್ಲೋಸಪ್ಪಿನಲ್ಲಿ ನಿಜವಾದ ಗುಂಡಿಗಳನ್ನು ಕಾಲುಚೀಲಕ್ಕೆ ಸುರಿಯಲಿ, ಸದ್ದು ಕೇಳಲಿ. ಬೀಸುವ ಶಾಟಿಗೆ ಅದೇ ಬಣ್ಣದ ಇನ್ನೊಂದು ಕಾಲುಚೀಲ, ಒಳಗೆ ಒದ್ದೆ ಮಾಡಿ ಹಿಂಡಿದ ಸ್ಪಂಜು. ಮಂಡಕ್ಕಿ ತುಂಬಿದರೆ ಹಗುರಾಗಿ ಗಾಳಿಯಲ್ಲಿ ತೇಲುತ್ತದೆ, ಸುಳ್ಳು ಅಂತ ಮೊದಲ ಬೀಸಿಗೇ ಗೊತ್ತಾಗುತ್ತದೆ.

ಅನ್ಯಾಯ ಏನು ಅನ್ನುವುದರಲ್ಲಿ ಸೋಮಾರಿತನ ಬೇಡ. ಅತ್ಯಾಚಾರವನ್ನು ‘ಕಾರಣ’ವಾಗಿ ತುರುಕಿ, ಅದನ್ನೇ ಎರಡು ನಿಮಿಷ ತೋರಿಸುವ ಚಿತ್ರಗಳು ಸಾಕಷ್ಟಿವೆ. ಕೊಡದ ಪಗಾರ, ಫೋನಿನಲ್ಲಿ ಇಟ್ಟುಕೊಂಡ ವಿಡಿಯೊ, ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟು, ಇವೂ ಸೇಡಿಗೆ ಸಾಲುತ್ತವೆ. ನಿಜವಾಗಿ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣದಿಂದ ಕಥೆ ಎತ್ತಿಕೊಂಡಿದ್ದರೆ ಸಂತ್ರಸ್ತೆಯ ಹೆಸರಷ್ಟೇ ಅಲ್ಲ, ಗುರುತು ಹಿಡಿಯಬಹುದಾದ ಊರು, ಕಾಲೇಜು, ಮನೆತನ ಎಲ್ಲವನ್ನೂ ಬದಲಿಸಿ. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಆ ಗುರುತು ಬಯಲು ಮಾಡುವುದೇ ಅಪರಾಧ.

ಮಾತು

ಬೆಂಗಳೂರಿನ ರೌಡಿ ಚಿತ್ರಗಳ ಡೈಲಾಗು ಇಲ್ಲಿ ನಡೆಯುವುದಿಲ್ಲ. ಹಾಗಂತ ‘ಉತ್ತರ ಕರ್ನಾಟಕದ ಭಾಷೆ’ ಅಂತ ಒಂದೇ ರಾಗ ಹಾಡಿದರೂ ಆಗುವುದಿಲ್ಲ. ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಕೈಯಲ್ಲಿದ್ದವು, ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು. ಹಾಗಾಗಿ ಅತ್ತ ಉರ್ದು ಹೆಚ್ಚು ಬೆರೆತರೆ ಬಳ್ಳಾರಿ ಪೇಟೆಯಲ್ಲಿ ಸಿಟ್ಟು ಬಂದಾಗ ಮಾತು ತೆಲುಗಿಗೆ ಹೊರಳುತ್ತದೆ. ನಾಲ್ವರಲ್ಲಿ ಒಬ್ಬಳು ಮನೆಯಲ್ಲಿ ತೆಲುಗು, ಇನ್ನೊಬ್ಬಳು ಉರ್ದು ಮಾತಾಡುವವಳಾದರೆ ಊರು ತಾನಾಗಿ ಬಂದುಬಿಡುತ್ತದೆ.

ಬೆದರಿಕೆಯನ್ನು ಕಿರುಚಿಸಬೇಡಿ. ‘ನನ್ನ ಸಂಬಳ ಕೊಡದಿದ್ದರೆ ನಿನ್ನನ್ನು ಬಿಡುವುದಿಲ್ಲ’ ಅನ್ನುವ ಸಾಲನ್ನು ಯಾರು ಹೇಳಿದರೂ ನಾಟಕವೇ. ‘ಮೂರ್ ತಿಂಗ್ಳ ಪಗಾರ ಐತಿ. ಇಲ್ಲೇ ಕೊಡ್ತಿಯೋ, ಮನಿಗೆ ಬಂದು ನಿನ್ ಹೆಂಡ್ತಿ ಮುಂದ ಕೇಳ್ಲೋ?’ ಇದನ್ನು ಜೀನ್ಸ್ ಮಡಚುತ್ತಾ, ತಲೆ ಎತ್ತದೆ ಹೇಳಿಸಿ.

ರಂಗನಟ ಬಳ್ಳಾರಿ ರಾಘವರ ಊರಿದು, ರಂಗದ ಹೆಣ್ಣುಮಕ್ಕಳಿಗೆ ಬರವಿಲ್ಲ. ಅವರನ್ನು ಕರೆದರೆ ಧೈರ್ಯ, ನೆನಪಿನ ಶಕ್ತಿ ಎರಡೂ ಸಿಗುತ್ತವೆ. ತೊಂದರೆ ಒಂದೇ, ದನಿ ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟುವಷ್ಟು ಇರುತ್ತದೆ. ತಾಲೀಮಿನಲ್ಲಿ ಎದುರಿನವಳನ್ನು ಒಂದು ಮೊಳ ದೂರಕ್ಕೆ ಕೂರಿಸಿ, ಅಷ್ಟು ಹತ್ತಿರದಲ್ಲಿ ಯಾರೂ ಕೂಗುವುದಿಲ್ಲ.

ಬಟ್ಟೆ, ಬೆರಳು, ರಕ್ತ

ಇಲ್ಲಿ ಎಲ್ಲರೂ ಎಡವುವ ಕಡೆ ಒಂದಿದೆ. ಗಾಢ ನೀಲಿ ಜೀನ್ಸಿನ ಮೇಲೆ ರಕ್ತ ಕಾಣುವುದೇ ಇಲ್ಲ. ಕ್ಯಾಮೆರಾಗೆ ಅದು ನೀರು ಚೆಲ್ಲಿದ ಹಾಗೆ, ಎಣ್ಣೆ ಸುರಿದ ಹಾಗೆ ಕಪ್ಪಗೆ ಕಾಣುತ್ತದೆ. ಗಾಯಗೊಳ್ಳುವವಳಿಗೆ ಬಿಳಿಚಿಕೊಂಡ ಐಸ್ ವಾಶ್ ಜೀನ್ಸ್ ಕೊಡಿ, ಇಲ್ಲವೇ ಗಾಯವನ್ನೇ ಮೇಲಿನ ತಿಳಿಬಣ್ಣದ ಕುರ್ತಾಕ್ಕೆ ಸಾಗಿಸಿ. ರಕ್ತ ಬೀಳುವ ಪ್ರತಿ ಉಡುಪು ಮೂರು ಜೊತೆ ಬೇಕು: ಸ್ವಚ್ಛ, ರಕ್ತದ್ದು, ಎಕ್ಸ್‌ಟ್ರಾ. ಮೂರನ್ನೂ ಒಂದೇ ದಿನ, ಒಂದೇ ಲಾಟಿನಿಂದ ಆರಿಸಿ. ವಾಶಿನ ಬಣ್ಣ ಲಾಟಿನಿಂದ ಲಾಟಿಗೆ ಬದಲಾಗುತ್ತದೆ, ಎಡಿಟಿಂಗಿನಲ್ಲಿ ಪ್ಯಾಂಟು ಶಾಟಿಗೊಂದು ಬಣ್ಣ ಆಗುತ್ತದೆ.

ಇಂಡಿಗೊ ಬಟ್ಟೆ ಮುಟ್ಟುವ ಕೈಗೆ ನೀಲಿ ಹತ್ತುತ್ತದೆ. ಅದೇ ನಿಮ್ಮ ಗ್ಯಾಂಗಿನ ಗುರುತು. ನೀಲಿ ಐಲೈನರ್ ಪೆನ್ಸಿಲನ್ನು ಉಗುರಿನ ಸುತ್ತ ಮತ್ತು ಬೆರಳಿನ ಗೆರೆಗಳ ಮೇಲೆ ಉಜ್ಜಿ, ಒಣ ಹತ್ತಿಯಿಂದ ಒಮ್ಮೆ ಒರೆಸಿ. ಗೆರೆಯೊಳಗೆ ಉಳಿದದ್ದು ಮಾತ್ರ ಇರಲಿ. ಏಟು ತಿಂದವನು ಪೊಲೀಸರಿಗೆ ‘ಮುಖ ಕಾಣ್ಲಿಲ್ರೀ, ಉಗುರು ನೀಲಿ ಇದ್ವು’ ಅಂದರೆ ಸಾಕು, ಕಥೆ ತಾನೇ ಓಡುತ್ತದೆ.

ರಕ್ತಕ್ಕೆ: ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 250 ಮಿ.ಲೀ., ಬೆಚ್ಚನೆ ನೀರು 60 ಮಿ.ಲೀ., ಕೋಕೋ ಪುಡಿ 2 ಟೀ ಚಮಚ, ಕೆಂಪು ಫುಡ್ ಕಲರ್ ಒಂದೂವರೆ ಟೀ ಚಮಚ, ನೀಲಿ ಫುಡ್ ಕಲರ್ 3–4 ಹನಿ. ಕೋಕೋವನ್ನು ಮೊದಲು ನೀರಿನಲ್ಲಿ ಕದಡಿ ಆಮೇಲೆ ಗ್ಲೂಕೋಸಿಗೆ ಹಾಕಿ, ಇಲ್ಲವಾದರೆ ಗಂಟು ಗಂಟಾಗುತ್ತದೆ. ಗ್ಲೂಕೋಸ್ ಸಿಗದಿದ್ದರೆ 2 ಲೋಟ ಸಕ್ಕರೆಗೆ 1 ಲೋಟ ನೀರು ಹಾಕಿ ಕುದಿಸಿ, ಎಳೆಪಾಕಕ್ಕೆ ಸ್ವಲ್ಪ ಮುಂಚೆ ಇಳಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿ. ನಿಂಬೆ ಇಲ್ಲದಿದ್ದರೆ ಪಾಕ ಹರಳುಗಟ್ಟಿ ಗಾಯದ ಮೇಲೆ ಸಕ್ಕರೆ ಮಿನುಗುತ್ತದೆ. ಬಟ್ಟೆಗೆ ಹಾಕುವ ರಕ್ತಕ್ಕೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿದರೆ ಒಗೆಯಲು ಸುಲಭ. ಬಾಯಿಗೆ ಹೋಗುವ ರಕ್ತದ ಬಾಟಲಿ ಬೇರೆ, ಅದರ ಮೇಲೆ ದಪ್ಪಗೆ ‘ಬಾಯಿ’ ಅಂತ ಬರೆಯಿರಿ. ಬಟ್ಟೆಯ ರಕ್ತಕ್ಕಾಗಲಿ ಬಾಯಿಯ ರಕ್ತಕ್ಕಾಗಲಿ ಕುಂಕುಮ, ಹೋಳಿ ಬಣ್ಣ ಬೇಡ.

ಎಲ್ಲಿ ಶೂಟ್ ಮಾಡುತ್ತೀರೋ ಆ ಬೆಳಕಿನಲ್ಲೇ ಪರೀಕ್ಷೆ ಮಾಡಿ. ಬಿಳಿ ಎಲ್‌ಇಡಿಯಲ್ಲಿ ಗುಲಾಬಿ ಶರಬತ್ತಿನಂತೆ ಕಂಡರೆ ಕೋಕೋ ಹೆಚ್ಚಿಸಿ. ಹಳದಿ ಬೀದಿದೀಪದಡಿ ಕಪ್ಪಗಾದರೆ ಕೋಕೋ, ನೀಲಿ ಕಡಿಮೆ ಮಾಡಿ. ಇರುವೆ, ನೊಣಗಳಿಗೆ ಇದು ಹಬ್ಬ. ಮುಚ್ಚಳ ಬಿಗಿಯಾಗಿರಲಿ, ಗಾಯದ ಶಾಟುಗಳನ್ನೆಲ್ಲ ಒಟ್ಟಿಗೆ ಮುಗಿಸಿ.

ಚಾಕು, ಕುಡುಗೋಲು ಬೇಕೇ ಬೇಕಾದರೆ 10 ಮಿ.ಮೀ. ಇವಿಎ ಫೋಮಿನಲ್ಲಿ ಕತ್ತರಿಸಿ, ನಡುವೆ ಸೀಳಿ ತೆಳುವಾದ ಬಿದಿರು ಕಡ್ಡಿ ಕೂರಿಸಿ. ಕಡ್ಡಿ ತುದಿಗಿಂತ 3 ಸೆಂ.ಮೀ. ಹಿಂದೆಯೇ ನಿಲ್ಲಬೇಕು. ಮೇಲೆ ಫೆವಿಕಾಲ್ 3 ಕೋಟು, ಒಣಗಿದ ಮೇಲೆ ಬೆಳ್ಳಿ ಬಣ್ಣ, ಅಲಗಿಗೆ ಪೆನ್ಸಿಲ್ ಸೀಸದ ಪುಡಿ ಉಜ್ಜಿ. ಫೆವಿಕಾಲ್ ಬಿಟ್ಟರೆ ಫೋಮು ಬಣ್ಣವನ್ನೆಲ್ಲ ಹೀರಿ ಬೂದಿ ಬಳಿದಂತೆ ಕಾಣುತ್ತದೆ.

ಹೊಡೆದಾಟ

ಮೊದಲು ನೆಲ. ಊರಾಚೆಯ ಖಾಲಿ ಸೈಟುಗಳಲ್ಲಿ ಬಳ್ಳಾರಿ ಜಾಲಿ ಇದ್ದೇ ಇರುತ್ತದೆ, ಅದರ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿ ಕಾಲಿಗೆ ನಾಟುತ್ತದೆ. ಹಿಂದಿನ ದಿನವೇ 6 ಮೀಟರ್ ಉದ್ದಗಲದ ಜಾಗ ಗುಡಿಸಿ, ಸುಣ್ಣದಿಂದ ಗೆರೆ ಎಳೆದು, ಶೂಟಿಂಗಿನ ಬೆಳಿಗ್ಗೆ ಮತ್ತೊಮ್ಮೆ ಗುಡಿಸಿ. ಬೀಳುವ ಕಡೆ ಹತ್ತಿ ಗಾದಿ ಹಾಸಿ ಮೇಲೊಂದು ಮಣ್ಣಿನ ಬಣ್ಣದ ತಾಡಪಾಲು. ವಾಷಿಂಗ್ ಯೂನಿಟ್ಟಿನ ಒದ್ದೆ ನೆಲದಲ್ಲಿ ಹೊಡೆದಾಟ ಬೇಡವೇ ಬೇಡ: ಜಾರುತ್ತದೆ, ನೀರಿನಲ್ಲಿ ಬ್ಲೀಚ್ ಇರುತ್ತದೆ. ಅಲ್ಲಿ ಓಟವನ್ನೂ ನಡಿಗೆಯಾಗಿ ಬದಲಿಸಿ.

ಏಟು ಮುಖಕ್ಕೆ ತಾಗಬಾರದು. ಹೊಡೆಯುವವಳ ಚಾಚಿದ ಕೈಗೂ ಎದುರಿನವನ ಗಲ್ಲಕ್ಕೂ ನಡುವೆ ಒಂದು ಗೇಣು ಇರಲಿ. ಏಟು ತಿನ್ನುವವನ ಹೆಗಲ ಹಿಂದೆ ಕ್ಯಾಮೆರಾ ಇಟ್ಟರೆ ಆ ಗೇಣು ಕಾಣುವುದಿಲ್ಲ, ಪಕ್ಕದಿಂದ ಇಟ್ಟರೆ ಊರಿಗೆಲ್ಲ ಕಾಣುತ್ತದೆ. ನಂಬಿಸುವುದು ಕೈಯಲ್ಲ, ತಿಂದವನ ಕುತ್ತಿಗೆ. ಅದು ತಡವಾಗಿ ತಿರುಗಿದರೆ ಎಡಿಟಿಂಗಿನಲ್ಲಿ ಸರಿಮಾಡಲು ಆಗದು.

ಕೂದಲು ಎಳೆಯುವುದು ಹೀಗೆ: ಎಳೆಯುವವಳು ಬಿಗಿ ಮುಷ್ಟಿಯನ್ನು ಎದುರಿನವಳ ತಲೆಯ ಮೇಲೆ ಇಡುತ್ತಾಳೆ, ಕೂದಲು ಹಿಡಿಯುವುದಿಲ್ಲ. ಎದುರಿನವಳು ಎರಡೂ ಕೈಯಿಂದ ಆ ಮಣಿಕಟ್ಟನ್ನು ಹಿಡಿದು ತಲೆಗೆ ಒತ್ತಿಕೊಳ್ಳುತ್ತಾಳೆ. ಎಲ್ಲಿಗೆ ಹೋಗಬೇಕು, ಎಷ್ಟು ಜೋರಾಗಿ ಅನ್ನುವುದನ್ನು ನಿರ್ಧರಿಸುವವಳು ‘ಎಳೆಸಿಕೊಳ್ಳುವವಳೇ’. ಕೈ ಬಿಟ್ಟರೆ ಆಟ ನಿಂತಿತು ಅಂತ ಅರ್ಥ. ಕತ್ತು ಹಿಸುಕುವ ಶಾಟಿನಲ್ಲಿ ಅಂಗೈ ಕಾಲರ್ ಮೂಳೆಯ ಮೇಲಿರಲಿ, ಗಂಟಲಿನ ಮೇಲಲ್ಲ.

ತಾಲೀಮು ಕಾಲು ವೇಗದಲ್ಲಿ ಹತ್ತು ಸಲ, ಅರ್ಧ ವೇಗದಲ್ಲಿ ಹತ್ತು ಸಲ, ಮುಕ್ಕಾಲು ವೇಗದಲ್ಲಿ ಶೂಟ್. ಪೂರ್ತಿ ವೇಗಕ್ಕೆ ಯಾವತ್ತೂ ಹೋಗಬೇಡಿ. ಖಾರದಪುಡಿ ಎರಚುವ ದೃಶ್ಯವಿದ್ದರೆ ಏನನ್ನೂ ಮುಖಕ್ಕೆ ಎರಚಬೇಡಿ. ಕ್ಯಾಮೆರಾದ ಪಕ್ಕಕ್ಕೆ ಎರಚಿ, ಕಟ್ ಮಾಡಿ, ಆಮೇಲೆ ಕಣ್ಣುಜ್ಜುವ ಮುಖ ಬೇರೆಯಾಗಿ.

ಸ್ಕೂಟಿ ಚೇಸನ್ನು ರಸ್ತೆಯಲ್ಲಿ ಮಾಡಬೇಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದಿನಿಂದ ಸಣ್ಣಗೆ ಅಲುಗಾಡಿಸಲಿ, ಇನ್ನೊಬ್ಬರು ಟಾರ್ಚನ್ನು ಮುಂದಿನಿಂದ ಹಿಂದಕ್ಕೆ ಎರಡು ಸೆಕೆಂಡಿಗೊಮ್ಮೆ ಹಾಯಿಸಲಿ, ಟೇಬಲ್ ಫ್ಯಾನು ಕೂದಲಿಗೆ. ಹಿನ್ನೆಲೆ ಕತ್ತಲಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಜಾಗ ಮತ್ತು ಕಾಗದ

ಬಳ್ಳಾರಿ ಗುಡ್ಡದ ಕೋಟೆ ಸಂರಕ್ಷಿತ ಸ್ಮಾರಕ, ಅಲ್ಲಿ ಸಿನಿಮಾ ಶೂಟಿಂಗಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಷ್ಟು ದೂರ ಹೋಗುವುದೇಕೆ? ಹಳೇ ಊರಿನ ಯಾವುದಾದರೂ ಮಾಳಿಗೆಯಿಂದ ಗುಡ್ಡವನ್ನು ಹಿನ್ನೆಲೆಯಾಗಿ ಇಟ್ಟುಕೊಳ್ಳಿ, ಇನ್ನೂ ಚೆಂದ. ರೈಲ್ವೆ ಜಾಗದಲ್ಲಿ ಕದ್ದು ಶೂಟ್ ಮಾಡುವ ಆಸೆ ಬಿಡಿ. ಡ್ರೋನ್ ಹಾರಿಸುವ ಮುಂಚೆ, ಅಲ್ಲಿ ಹಾರಿಸಬಹುದೇ ಅಂತ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ.

ಬೀದಿ ದೃಶ್ಯವಿದ್ದರೆ ಆ ಠಾಣೆಗೆ ಮುಂಚಿತವಾಗಿ ಪತ್ರ ಕೊಡಿ: ದಿನಾಂಕ, ಸಮಯ, ಜನ ಎಷ್ಟು, ‘ಆಯುಧಗಳು ಫೋಮಿನವು’ ಅನ್ನುವ ಸಾಲು. ಸೀಲ್ ಹಾಕಿಸಿದ ಪ್ರತಿ ಕೈಯಲ್ಲಿರಲಿ. ಪಕ್ಕದ ಅಂಗಡಿಗಳವರಿಗೂ ಹೇಳಿ, ಇಲ್ಲದಿದ್ದರೆ ಯಾರೋ 112ಕ್ಕೆ ಫೋನ್ ಮಾಡುತ್ತಾರೆ, ಅವರದೇನೂ ತಪ್ಪಲ್ಲ. ಫೋಮಿನ ಕುಡುಗೋಲು ಶಾಟಿನ ನಡುವೆ ಚೀಲದೊಳಗೆ.

ಕ್ಯಾಮೆರಾ

ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ. ಸೆಕೆಂಡಿಗೆ 25 ಫ್ರೇಮು, ಶಟರ್ 1/50, ವೈಟ್ ಬ್ಯಾಲೆನ್ಸ್ ಲಾಕ್. ನಮ್ಮ ಕರೆಂಟು 50 ಹರ್ಟ್ಸ್, ಆಟೊ ಬಿಟ್ಟರೆ ಯೂನಿಟ್ಟಿನ ಟ್ಯೂಬ್‌ಲೈಟು ಪಟಪಟ ಅನ್ನುತ್ತದೆ. ಹಗಲು ಶಟರನ್ನು 1/50ರಲ್ಲಿ ನಿಲ್ಲಿಸಲು ಬೆಳಕು ತಗ್ಗಿಸುವ ಎನ್‌ಡಿ 64 ಫಿಲ್ಟರ್ ಬೇಕೇ ಬೇಕು, ಇಲ್ಲವಾದರೆ ಆಕಾಶ ಬರೀ ಬಿಳಿ.

ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಫೋನು ಬಿಸಿಯಾಗಿ ಟೇಕಿನ ನಡುವೆ ಆರುತ್ತದೆ, ಮೇಕಪ್ಪು ಕರಗುತ್ತದೆ. ಬಿಸಿಯಾದ ಫೋನನ್ನು ಫ್ರಿಜ್ಜಿಗೆ ಹಾಕಬೇಡಿ, ಲೆನ್ಸಿನೊಳಗೆ ಹನಿ ಕೂರುತ್ತದೆ. ಒದ್ದೆಯಲ್ಲದ ಬಿಳಿ ಬಟ್ಟೆಯ ನೆರಳು, ಫ್ಯಾನು, ಅಷ್ಟೇ. ರಾತ್ರಿಯ ದೊಡ್ಡ ಶಾಟುಗಳನ್ನು ಸೂರ್ಯ ಮುಳುಗಿದ ಮೇಲಿನ 20 ನಿಮಿಷದಲ್ಲಿ ತೆಗೆಯಿರಿ: ಬೀದಿದೀಪ ಹತ್ತಿರುತ್ತದೆ, ಗುಡ್ಡದ ಅಂಚೂ ಇನ್ನೂ ಕಾಣುತ್ತಿರುತ್ತದೆ. ಆ 20 ನಿಮಿಷಕ್ಕೆ ಎರಡೇ ಶಾಟು ಇಟ್ಟುಕೊಳ್ಳಿ, ಮಧ್ಯಾಹ್ನವೇ ತಾಲೀಮು ಮುಗಿದಿರಲಿ.

ಸದ್ದು

ಯೂನಿಟ್ಟಿನಲ್ಲಿ ಮಷಿನ್ನುಗಳು ಓಡುವಾಗ ಮಾತು ಸಿಗುವುದಿಲ್ಲ. ಮಷಿನ್ ನಿಲ್ಲಿಸಿ ಮಾತು ತೆಗೆಯಿರಿ, ಮಷಿನ್ನಿನ ಸದ್ದನ್ನು ಎರಡು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿ. ನಟಿಯರು ಮಾತ್ರ ಮಷಿನ್ ಓಡುತ್ತಿದೆ ಅನ್ನುವಂತೆ ದನಿ ಏರಿಸಬೇಕು, ಇದನ್ನು ಮರೆತರೆ ಮಿಕ್ಸಿಂಗಿನಲ್ಲಿ ಸುಳ್ಳಾಗುತ್ತದೆ. ಪ್ರತಿ ಜಾಗದಲ್ಲೂ ಒಂದು ನಿಮಿಷ ಯಾರೂ ಮಾತಾಡದೆ, ಆ ಜಾಗದ ಸದ್ದನ್ನಷ್ಟೇ ರೆಕಾರ್ಡ್ ಮಾಡಿ.

ಮೂಳೆ ಮುರಿಯುವ ಸದ್ದಿಗೆ ಜೋಳದ ದಂಟಿಗಿಂತ ಒಳ್ಳೆಯದು ಸಿಗದು. ಒಣಗಿದ್ದು ‘ಚಟ್’ ಅನ್ನುತ್ತದೆ, ಅದು ಬೆರಳಿಗೆ. ಹಸಿಯದನ್ನು ಒದ್ದೆ ಟವೆಲಿನಲ್ಲಿ ಸುತ್ತಿ ತಿರುಚಿದರೆ ನಾರು ಹರಿಯುವ ಸದ್ದು ಬರುತ್ತದೆ, ಅದು ಮೊಣಕೈಗೆ. ಗುದ್ದಿಗೆ ಮಡಚಿದ ಜೀನ್ಸಿನ ಮೇಲೆ ಮುಷ್ಟಿ. ಮೈಕು ಒಂದು ಗೇಣು ದೂರ.

ಬಿಡುಗಡೆ

ಥಿಯೇಟರಿನಲ್ಲಿ ಸಾರ್ವಜನಿಕವಾಗಿ ತೋರಿಸಲು ಸೆನ್ಸಾರ್ ಸರ್ಟಿಫಿಕೇಟು ಬೇಕು. 2023ರ ತಿದ್ದುಪಡಿಯ ಮೇಲೆ ಯು/ಎ ದರ್ಜೆ 7, 13, 16 ವರ್ಷ ಅಂತ ಮೂರು ಭಾಗವಾಗಿದೆ. ಯೂಟ್ಯೂಬಿಗೆ ಆ ಸರ್ಟಿಫಿಕೇಟು ಬೇಡ, ಆದರೆ ರಕ್ತ ಹೆಚ್ಚಿದ್ದರೆ ಅವರೇ ವಯಸ್ಸಿನ ಬೇಲಿ ಹಾಕುತ್ತಾರೆ, ನೋಡುವವರು ಕಡಿಮೆಯಾಗುತ್ತಾರೆ. ಥಂಬ್‌ನೇಲಿಗೆ ರಕ್ತದ ಮುಖ ಹಾಕಬೇಡಿ. ಹೊಲಿಗೆ ಮಷಿನ್ನಿನ ಮೇಲಿಟ್ಟ ನಾಲ್ಕು ಕೈ, ನೀಲಿ ಉಗುರು, ಪಕ್ಕದಲ್ಲಿ ಗಂಟು ಹಾಕಿದ ಕಾಲುಚೀಲ. ಈ ಫೋಟೋವನ್ನು ಶೂಟಿಂಗಿನ ಮೊದಲ ದಿನವೇ, ಬೆರಳುಗಳಿಗೆ ಬಣ್ಣ ಹೊಸದಾಗಿ ಹಚ್ಚಿದಾಗಲೇ ತೆಗೆದಿಟ್ಟುಕೊಳ್ಳಿ. ಮೂರನೇ ದಿನಕ್ಕೆ ಯಾರಾದರೊಬ್ಬರು ಉಗುರು ಕತ್ತರಿಸಿಕೊಂಡು ಬಂದಿರುತ್ತಾರೆ.