ಬೀನ್ಸ್ ಕಟ್ಟು ಚೆಲ್ಲಿ ಕಲಿತ ಪಾಠ

ರೆಫ್ರೈಡ್ ಬೀನ್ಸ್ ಅಂದರೆ ಬೇಯಿಸಿದ ಬೀನ್ಸನ್ನು ಮಸೆದು ಹುರಿಯುವ ಮೆಕ್ಸಿಕನ್ ಅಡುಗೆ. ಅದನ್ನು ಮೊದಲ ಸಲ ಮಾಡಿದ ದಿನ ಬೇಯಿಸಿದ ಬೀನ್ಸನ್ನು ಜರಡಿಗೆ ಸುರಿದು, ಕಟ್ಟನ್ನೆಲ್ಲ ಸಿಂಕಿಗೆ ಚೆಲ್ಲಿಬಿಟ್ಟೆ. ಬಸ್ಸಾರು ತಿಂದು ಬೆಳೆದವಳು ನಾನು. ಯುಗಾದಿಗೆ ಬೇಳೆ ಬೆಂದ ತಕ್ಷಣ ಕಟ್ಟು ಬಸಿದು ಒಬ್ಬಟ್ಟಿನ ಸಾರಿಗೆ ಎತ್ತಿಡುವ ಮನೆ ನಮ್ಮದು. ಆದರೂ ಅವತ್ತು ಬುದ್ಧಿ ಓಡಲಿಲ್ಲ. ಬಾಣಲೆಯಲ್ಲಿ ಉಳಿದದ್ದು ಒಣಗಿ ಬಿರುಕು ಬಿಟ್ಟ ಹೂರಣದಂಥ ಮುದ್ದೆ. ಸರಿಮಾಡಲು ಹಾಲು ಹಾಕಿದೆ, ಚೀಸ್ ಹಾಕಿದೆ. ಜಿಡ್ಡಾಯಿತೇ ಹೊರತು ಮೆತ್ತಗಾಗಲಿಲ್ಲ.

ನಾವಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ಪಕ್ಕದ ಮನೆಯ ಅಜ್ಜಿ ಉತ್ತರ ಮೆಕ್ಸಿಕೋದವರು. ನನ್ನನ್ನು 'ಮಿಹಾ' ಅಂತಲೇ ಕರೆಯುತ್ತಾರೆ, ಥೇಟ್ ನಮ್ಮ 'ಮಗಳೇ' ಅಂದ ಹಾಗೆ. ಕಟ್ಟು ಚೆಲ್ಲಿದ ಕತೆ ಕೇಳಿ ಹಣೆ ಚಚ್ಚಿಕೊಂಡರು. "ರುಚಿ ಎಲ್ಲ ಅದರಲ್ಲೇ ಇತ್ತಲ್ಲ ಮಿಹಾ, ಶನಿವಾರ ಬಾ" ಅಂದರು.

ಹೆಸರಿನ ವಿಷಯವೂ ಅಲ್ಲೇ ಗೊತ್ತಾಯಿತು. ಸ್ಪ್ಯಾನಿಷ್‌ನಲ್ಲಿ ಇದು 'ಫ್ರಿಹೋಲೆಸ್ ರೆಫ್ರಿತೋಸ್'. ಎರಡು ಸಲ ಹುರಿದದ್ದು ಅಂತ ನಾನು ಅಂದುಕೊಂಡಿದ್ದೆ. ಅವರ ಮಾತಿನಲ್ಲಿ ಆ 'ರೆ'ಗೆ 'ಚೆನ್ನಾಗಿ' ಅನ್ನೋ ಅರ್ಥ. ಅಂದರೆ ಚೆನ್ನಾಗಿ ಹುರಿದ ಬೀನ್ಸ್, ಅಷ್ಟೇ. ಹುರಿಯುವುದು ಒಂದೇ ಸಲ.

ಉತ್ತರ ಮೆಕ್ಸಿಕೋದಲ್ಲಿ ಪಿಂಟೋ ಬೀನ್ಸ್ ಜಾಸ್ತಿ, ವೆರಾಕ್ರೂಸ್, ಯುಕಟಾನ್ ಕಡೆ ಕಪ್ಪು ಬೀನ್ಸ್. ಪಿಂಟೋ ಅಂದರೆ ಚುಕ್ಕೆ ಚುಕ್ಕೆಯದು. ಬೆಂದ ಮೇಲೆ ಆ ಚುಕ್ಕೆ ಮಾಯವಾಗಿ ಇಡೀ ಕಾಳು ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅಂದ ಹಾಗೆ ಪಿಂಟೋ, ರಾಜ್ಮಾ, ನಾವು ಪಲ್ಯ ಮಾಡುವ ಹುರುಳಿಕಾಯಿ ಎಲ್ಲ ಒಂದೇ ಜಾತಿಯ ಗಿಡದ್ದು. ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದದ್ದು.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಎರಡು ಕಪ್ ಪಿಂಟೋ ಆರಿಸಿ, ತೊಳೆದು, ರಾತ್ರಿ ನೆನೆಹಾಕುತ್ತೇನೆ. ಅಜ್ಜಿ ನೆನೆಸುವುದೇ ಇಲ್ಲ. ಮಣ್ಣಿನ ಮಡಕೆಯಲ್ಲಿ ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ, ನನ್ನದು ಕುಕ್ಕರ್. ನೆನೆಸಿದ ನೀರು ಚೆಲ್ಲಿ, ಆರು ಕಪ್ ಹೊಸ ನೀರು, ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಒಂದು ಚಮಚ ಉಪ್ಪು. ಐದು ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಟೊಮೆಟೊ, ನಿಂಬೆರಸ ಈ ಹಂತದಲ್ಲಿ ಬೇಡವೇ ಬೇಡ, ಹುಳಿ ಬಿದ್ದರೆ ಕಾಳು ಬೇಗ ಬೇಯುವುದಿಲ್ಲ. ತುಂಬಾ ಹಳೇ ಬೀನ್ಸ್ ಆದರೆ ಎಷ್ಟು ವಿಷಲ್ ಕೂಗಿಸಿದರೂ ಸಿಪ್ಪೆ ಗಟ್ಟಿಯಾಗೇ ಇರುತ್ತದೆ.

ಬೆಂದಿದೆಯಾ ಅಂತ ನೋಡೋಕೆ ಒಂದು ಕಾಳನ್ನು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ. ಹಲ್ಲು ತಾಗಿಸದೆ ಸಿಪ್ಪೆ ಸಮೇತ ಕರಗಬೇಕು. ಸಾರಿನ ಕಾಳಿನ ಹದ ಇದಕ್ಕೆ ಸಾಲದು.

ಅವತ್ತು ರಾತ್ರಿ ಅರ್ಧ ಬೀನ್ಸನ್ನು ಕಟ್ಟಿನ ಸಮೇತ ಬಟ್ಟಲಿಗೆ ಹಾಕಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ಹೆಚ್ಚಿದ ಹಸಿಮೆಣಸು ಉದುರಿಸಿ ಹಾಗೇ ತಿನ್ನುತ್ತೇವೆ. ಇದಕ್ಕೆ 'ಫ್ರಿಹೋಲೆಸ್ ದೆ ಲಾ ಓಯಾ' ಅನ್ನುತ್ತಾರೆ, ಮಡಕೆ ಬೀನ್ಸ್. ಮಿಕ್ಕಿದ್ದು ಮಾರನೇ ದಿನ ಹುರಿಯೋಕೆ. ತಣ್ಣಗಾದ ಕಟ್ಟು ಅಷ್ಟೊತ್ತಿಗೆ ಗಂಜಿಯಷ್ಟು ಮಂದವಾಗಿರುತ್ತದೆ. ಬೀನ್ಸ್ ಮೆತ್ತಗೆ, ನುಣ್ಣಗೆ ಬರುವುದು ಇದರಿಂದಲೇ. ಕ್ರೀಮೂ ಬೇಡ, ಹಾಲೂ ಬೇಡ.

ಅಜ್ಜಿ ಹುರಿಯುವುದು 'ಮಾಂತೆಕಾ'ದಲ್ಲಿ, ಅಂದರೆ ಹಂದಿ ಕೊಬ್ಬಿನಲ್ಲಿ. ಇಲ್ಲಿಗೆ ಹೊಸದಾಗಿ ಬಂದ ಸಸ್ಯಾಹಾರಿಗಳು ಇದನ್ನು ತಿಳಿದಿರಬೇಕು. ಬೀನ್ಸ್ ತಾನೇ ಅಂತ ಹೋಟೆಲಲ್ಲಿ ಧೈರ್ಯವಾಗಿ ತಿನ್ನಬೇಡಿ, "ಮಾಂತೆಕಾ ಇದೆಯಾ" ಅಂತ ಕೇಳಿ. ಡಬ್ಬದಲ್ಲಿ ಬರುವುದರಲ್ಲೂ ಎಷ್ಟೋ ಸಲ ಇರುತ್ತದೆ, ಲೇಬಲ್ ಓದಿ. ನಾನು ಮೊದಲು ತುಪ್ಪದಲ್ಲಿ ಮಾಡಿ ನೋಡಿದೆ. ಚೆನ್ನಾಗೇ ಇತ್ತು, ಆದರೆ ತುಪ್ಪದ ಘಮದ ಮುಂದೆ ಬೀನ್ಸ್ ಸೋತುಹೋಯಿತು. ಈಗ ಬರೀ ಎಣ್ಣೆ, ಮೂರು ದೊಡ್ಡ ಚಮಚ. ಇಲ್ಲಿ ಜಿಪುಣತನ ಮಾಡಿದರೆ ಬಾಯಲ್ಲಿ ಹಿಟ್ಟು ಹಿಟ್ಟು ಅನ್ನಿಸುತ್ತದೆ.

ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಹೆಚ್ಚಿದ ಅರ್ಧ ಈರುಳ್ಳಿ, ಎರಡು ಒಣಮೆಣಸು ಹಾಕಿ ಅಂಚು ಕಂದಾಗುವವರೆಗೆ ಹುರಿಯುತ್ತೇನೆ. ಮೆಣಸಿನಕಾಯಿ ತೆಗೆದು ಪಕ್ಕಕ್ಕಿಡುತ್ತೇನೆ. ಆಮೇಲೆ ಬೀನ್ಸ್, ಒಂದೊಂದೇ ಸೌಟು. ಚೊರ್ ಅನ್ನಬೇಕು. ಪಾವ್‌ಭಾಜಿಗೆ ಮಸೆಯುವ ಮ್ಯಾಶರ್‌ನಲ್ಲೇ ಮಸೆಯುತ್ತಾ, ಅರ್ಧರ್ಧ ಕಪ್ ಕಟ್ಟು ಸೇರಿಸುತ್ತಾ ಹೋಗುತ್ತೇನೆ. ಹಾಕಿದ ಕೂಡಲೇ ಸಾರಿನ ಹಾಗೆ ನೀರಾಗುತ್ತದೆ, ಗಾಬರಿ ಬೇಡ, ಎರಡು ನಿಮಿಷದಲ್ಲಿ ಎಳೆದುಕೊಳ್ಳುತ್ತದೆ. ಆಗ ಮತ್ತರ್ಧ ಕಪ್. ಮೂರು ಕಪ್ ಬೀನ್ಸ್ ಒಂದೂವರೆ ಕಪ್ ಕಟ್ಟು ಕುಡಿಯುತ್ತದೆ. ಕೊನೆಕೊನೆಗೆ ರಾಗಿ ಅಂಬಲಿ ಕುದ್ದ ಹಾಗೆ ಪುಸ್ ಪುಸ್ ಅಂತ ಗುಳ್ಳೆ ಒಡೆದು ಕೈಗೆ ಹಾರುತ್ತದೆ. ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ, ನನ್ನ ಮಣಿಕಟ್ಟಿನ ಮೇಲೆ ಎರಡು ಕಲೆ ಇನ್ನೂ ಇವೆ.

ಎಲ್ಲಿ ನಿಲ್ಲಿಸಬೇಕು ಅನ್ನೋದೇ ಕಷ್ಟದ ವಿಷಯ. ಸೌಟು ಎಳೆದರೆ ಬಾಣಲೆಯ ತಳ ಒಂದು ಕ್ಷಣ ಕಂಡು, ನಿಧಾನವಾಗಿ ಮುಚ್ಚಿಕೊಳ್ಳಬೇಕು. ಅಷ್ಟಕ್ಕೇ ಉರಿ ಆರಿಸಿ. ಇನ್ನೂ ತೆಳುವಾಯಿತಲ್ಲ ಅನ್ನಿಸುತ್ತದೆ. ತಟ್ಟೆಗೆ ಬರುವಷ್ಟರಲ್ಲಿ ಉಪ್ಪಿಟ್ಟಿನ ಹಾಗೆ ತಾನೇ ಗಟ್ಟಿಯಾಗುತ್ತದೆ. ಮೆಕ್ಸಿಕನ್ ಮನೆಗಳಲ್ಲೂ ಎಷ್ಟೋ ಜನ ಮಿಕ್ಸಿಗೆ ಹಾಕುತ್ತಾರೆ, ತಪ್ಪೇನಿಲ್ಲ. ನನಗೆ ಮಾತ್ರ ಅಲ್ಲಲ್ಲಿ ಅರ್ಧ ಕಾಳು ಸಿಕ್ಕಿದರೇನೇ ಖುಷಿ.

ಮೇಲೆ ಪುಡಿ ಮಾಡಿದ ಕೇಸೋ ಫ್ರೆಸ್ಕೋ, ಅಂದರೆ ಮೆಕ್ಸಿಕನ್ ತಾಜಾ ಚೀಸ್. ಅದಿಲ್ಲದಿದ್ದರೆ ಸ್ವಲ್ಪ ಉಪ್ಪು ಬೆರೆಸಿದ ಪನೀರ್. ಮಗನಿಗೆ ಮೊಯೆತೆಸ್ ಇಷ್ಟ. ಬೊಲಿಯೋ ಬ್ರೆಡ್ಡನ್ನು ಉದ್ದಕ್ಕೆ ಸೀಳಿ, ಬೀನ್ಸ್ ಸವರಿ, ಚೀಸ್ ಹಾಕಿ ಓವನ್‌ನಲ್ಲಿ ಬಿಸಿ ಮಾಡಿದರೆ ಆಯಿತು. ಮನೆಯವರು ಜೋಳದ ರೊಟ್ಟಿ ಜೊತೆ ತಿನ್ನುತ್ತಾರೆ, ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ ಬೇರೆ.

ಮೊನ್ನೆ ಅಜ್ಜಿಗೊಂದು ಬಟ್ಟಲು ಕೊಟ್ಟೆ. ಒಂದು ಚಮಚ ಬಾಯಿಗಿಟ್ಟು, "ಮಾಂತೆಕಾ ಹಾಕಿಲ್ಲ" ಅಂದರು. ಹೌದು ಅಂದೆ. ಇನ್ನೊಂದು ಚಮಚ ತಿಂದು, "ಕಟ್ಟು ಹಾಕಿದ್ದೀಯ" ಅಂದರು.