ನಮ್ಮ ತೋಟದ ಬಾವಲಿಗಳಲ್ಲಿ ಯಾರು ಯಾರ ನೆಂಟರು: ನಾನು ಪಟ್ಟಿ ಮಾಡಿದ್ದು ಹೀಗೆ

ಮೂಡಿಗೆರೆ ಕಡೆ ನಮ್ಮದು ಕಾಫಿ, ಅಡಿಕೆ ತೋಟ. ಇಲ್ಲಿ ಬಾವಲಿ ಅಂದರೆ ಎಲ್ಲರ ಲೆಕ್ಕದಲ್ಲಿ ಎರಡೇ ಥರ. ಹಣ್ಣು ತಿನ್ನುವ ದೊಡ್ಡದು, ಹುಳ ಹಿಡಿಯುವ ಚಿಕ್ಕದು. ವಿಜ್ಞಾನಿಗಳೂ ಬಹಳ ಕಾಲ ಹೀಗೇ ಪಾಲು ಮಾಡಿದ್ದರು, ಮೆಗಾಕೈರಾಪ್ಟೆರಾ ಮತ್ತು ಮೈಕ್ರೋಕೈರಾಪ್ಟೆರಾ ಅಂತ. ನಮ್ಮ ತೋಟದ ಬಾವಲಿಗಳ ಪಟ್ಟಿ ಮಾಡುವಾಗ ನಾನು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡೆ. ಇದು ಯಾವುದು ಅನ್ನೋದು ಒಂದು, ಇದು ಯಾರ ನೆಂಟ ಅನ್ನೋದು ಇನ್ನೊಂದು.

ಮೊದಲನೆಯದಕ್ಕೆ ಕಣ್ಣು, ಕ್ಯಾಮೆರಾ ಸಾಕು. ಹಿಡಿಯಲು ಹೋಗಲೇಬೇಡಿ. ಮರದಡಿ ಬಿದ್ದ ಹಣ್ಣಿನ ಹಿಪ್ಪೆ ನೋಡುವಾಗಲೂ ನಾನು ಗ್ಲೌಸ್ ಹಾಕುತ್ತೇನೆ. ಬಾವಲಿ ಹಣ್ಣನ್ನು ಬಾಯಲ್ಲಿ ಅಂಗುಳಕ್ಕೆ ಒತ್ತಿ ರಸ ಹೀರಿ ನಾರನ್ನು ಉಗುಳುತ್ತದೆ. ಅದು ಚಪ್ಪಟೆಯಾಗಿ ಒಣಗಿ ಬಿದ್ದಿರುತ್ತದೆ. ಹಿಪ್ಪೆ ಸಿಕ್ಕ ಮರವನ್ನು ಗುರುತು ಮಾಡಿಕೊಂಡು ಸಂಜೆ ಅಲ್ಲಿ ಕಾಯುವುದು, ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು.

ಫೋಟೋ ದೊಡ್ಡದು ಮಾಡಿ ಮೊದಲು ನೋಡುವುದು ರೆಕ್ಕೆಯ ಎರಡನೇ ಬೆರಳು. ಹೆಬ್ಬೆರಳಿನ ಉಗುರು ಹುಳ ತಿನ್ನುವ ಬಾವಲಿಗೂ ಇರುತ್ತದೆ. ಎರಡನೇ ಬೆರಳಲ್ಲೂ ಪುಟ್ಟ ಕೊಕ್ಕೆಯಂತೆ ಉಗುರು ಕಂಡರೆ ಅದು ಟೆರೋಪೊಡಿಡೇ ಕುಟುಂಬದ್ದು, ಅಂದರೆ ಹಣ್ಣಿನ ಬಾವಲಿ. ಆಮೇಲೆ ಬಾಲ, ಕಿವಿ, ಇರುವ ಜಾಗ. ಹಗಲಲ್ಲಿ ಬಯಲು ಮರದಲ್ಲಿ ಸಾಲಾಗಿ ನೇತಾಡುವ, ರೆಕ್ಕೆ ಬಿಚ್ಚಿದರೆ 4 ಅಡಿಯಷ್ಟಾಗುವ ಬಾಲವಿಲ್ಲದ್ದು ಟೆರೋಪಸ್. ಬಗನಿ ಮರದ ಗೊನೆಯೊಳಗೆ ಎಳೆಗಳನ್ನು ಕಡಿದು ಗೂಡಿನಂತೆ ಜಾಗ ಮಾಡಿಕೊಂಡು ಕೂರುವ, ಕಿವಿಯಂಚು ಬೆಳ್ಳಗಿರುವ ಚಿಕ್ಕದು ಸೈನೋಪ್ಟೆರಸ್. ಗುಹೆ, ಪಾಳುಗುಡಿಯಂಥ ಕತ್ತಲೆ ಜಾಗದಲ್ಲಿರುವುದು ರೌಸೆಟಸ್. ಅದು ನಾಲಿಗೆಯಿಂದ ಲೊಚ್ ಲೊಚ್ ಅಂತ ಸದ್ದು ಮಾಡಿ ಅದರ ಪ್ರತಿಧ್ವನಿಯಲ್ಲಿ ದಾರಿ ಹುಡುಕುತ್ತದೆ. ಉಳಿದ ಹಣ್ಣಿನ ಬಾವಲಿಗಳು ಹೆಚ್ಚಾಗಿ ಕಣ್ಣು, ಮೂಗನ್ನೇ ನಂಬುತ್ತವೆ.

ಎರಡನೇ ಪ್ರಶ್ನೆಗೆ ಫೋಟೋ ಸಾಲದು. ನಮ್ಮ ಹಳೇ ಅಟ್ಟದಲ್ಲಿ ಕಪ್ಪೆ ಕಾಲು, ಹುಳದ ರೆಕ್ಕೆ ಉದುರಿಸುವ ದೊಡ್ಡ ಕಿವಿಯ ಬಾವಲಿ ಇದೆ, ಮೆಗಾಡರ್ಮಾ. ನೋಡಿದರೆ ಜಗಲಿ ದೀಪದ ಸುತ್ತ ಹಾರುವ ಪುಟ್ಟ ಪಿಪಿಸ್ಟ್ರೆಲ್ ಬಾವಲಿಯ ಕಡೆಯದು ಅನ್ನಿಸುತ್ತದೆ, ಅಲ್ವಾ? 2000ದಿಂದ 2005ರ ಹೊತ್ತಿಗೆ ಬಂದ ಡಿಎನ್‌ಎ ಅಧ್ಯಯನಗಳು ಬೇರೆಯೇ ಹೇಳಿದವು. ಮೆಗಾಡರ್ಮಾ, ಕುದುರೆಲಾಳದ ಮೂಗಿನ ಬಾವಲಿ ಇವೆಲ್ಲ ಹಣ್ಣಿನ ಬಾವಲಿಯ ಹತ್ತಿರದ ನೆಂಟರು. ಈ ಗುಂಪಿಗೆ ಯಿನ್‌ಟೆರೋಕೈರಾಪ್ಟೆರಾ ಅಂತ ಹೆಸರು. ಪಿಪಿಸ್ಟ್ರೆಲ್ ಇರುವುದು ಇನ್ನೊಂದು ಕವಲಿನಲ್ಲಿ, ಯಾಂಗೋಕೈರಾಪ್ಟೆರಾ. ಇದು ಒಪ್ಪಿಗೆಯಾದರೆ, ಎರಡೂ ಕವಲಿನ ಹುಳ ತಿನ್ನುವ ಬಾವಲಿಗಳಿಗಿರುವ, ಗಂಟಲಿನ ಸದ್ದಿನಿಂದ ದಾರಿ ಹುಡುಕುವ ಶಕ್ತಿ ಎರಡು ಸಲ ಹುಟ್ಟಿರಬೇಕು, ಇಲ್ಲವೇ ಹಣ್ಣಿನ ಬಾವಲಿಗಳು ಅದನ್ನು ಕಳೆದುಕೊಂಡಿರಬೇಕು. ಇದರ ಮೇಲೆ ಚರ್ಚೆ ಇನ್ನೂ ಇದೆ. 1986ರಲ್ಲಿ ಆಸ್ಟ್ರೇಲಿಯಾದ ನರವಿಜ್ಞಾನಿ ಜಾಕ್ ಪೆಟಿಗ್ರೂ ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳನ್ನು ನೋಡಿ, ಹಣ್ಣಿನ ಬಾವಲಿ ಮಂಗಗಳ ವರ್ಗದ ನೆಂಟ ಅಂದಿದ್ದರು. ಡಿಎನ್‌ಎ ಅದನ್ನು ಒಪ್ಪಲಿಲ್ಲ, ಬಾವಲಿಗಳೆಲ್ಲ ಒಂದೇ ಮೂಲದವು. ದಕ್ಷಿಣ ಅಮೆರಿಕದಲ್ಲೂ ಹಣ್ಣು ತಿನ್ನುವ ಬಾವಲಿಗಳಿವೆ. ಅವೂ ಯಾಂಗೋಕೈರಾಪ್ಟೆರಾ ಕವಲಿನವೇ. ಊಟ ಒಂದೇ ಅಂತ ನೆಂಟಸ್ತಿಕೆ ಕಟ್ಟುವ ಹಾಗಿಲ್ಲ.

ಕಣ್ಣಂದಾಜು ಎಷ್ಟು ದೂರ ಬರುತ್ತದೆ ಅನ್ನೋದಕ್ಕೆ ನನಗೆ ದೊಡ್ಡ ಪಾಠ ಪಶ್ಚಿಮ ಘಟ್ಟದ್ದೇ. 1948ರಲ್ಲಿ ತಮಿಳುನಾಡಿನ ಮೇಘಮಲೆಯಲ್ಲಿ ಆಂಗಸ್ ಹಟನ್ ಒಂದು ಬಾವಲಿ ಸಂಗ್ರಹಿಸಿದರು. ಮುಂಬೈನ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಅದು ಸೈನೋಪ್ಟೆರಸ್ ಅನ್ನೋ ಚೀಟಿಯೊಂದಿಗೇ ಇತ್ತು. 1972ರಲ್ಲಿ ಥಾಯ್ಲೆಂಡಿನ ಪ್ರಾಣಿವಿಜ್ಞಾನಿ ಕಿತ್ತಿ ಥಾಂಗ್‌ಲಾಂಗ್ಯಾ ಅದು ಬೇರೆಯೇ ಕುಲ (ಹತ್ತಿರದ ಪ್ರಭೇದಗಳ ಗುಂಪು) ಅಂತ ತೋರಿಸಿ, ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಲ್ಲಿ ಲ್ಯಾಟಿಡೆನ್ಸ್ ಸಲೀಮಾಲಿ ಎಂದು ಹೆಸರಿಟ್ಟರು. ಅದಕ್ಕೆ ಬಾಲವಿಲ್ಲ, ಮೇಲೆ ಕೆಳಗೆ ಒಂದೊಂದೇ ಜೊತೆ ಬಾಚಿಹಲ್ಲು. ಹಲ್ಲು ಎಣಿಸದಿದ್ದರೆ ಇನ್ನೂ ಅದೇ ಚೀಟಿ ಇರುತ್ತಿತ್ತೇನೋ.

ಅದಕ್ಕೇ ನಾನು ಫೋಟೋದಿಂದ ಕುಲದವರೆಗೆ ಮಾತ್ರ ಹೋಗುತ್ತೇನೆ. ಸೈನೋಪ್ಟೆರಸ್‌ನಲ್ಲಿ ಸ್ಫಿಂಕ್ಸ್ ಮತ್ತು ಅದಕ್ಕಿಂತ ಸಣ್ಣ ಬ್ರಾಕಿಯೋಟಿಸ್ ಅಂತ ಎರಡು ಪ್ರಭೇದಗಳು ಘಟ್ಟದಲ್ಲಿವೆ. ಮುಂಗೈ, ಕಿವಿಯ ಅಳತೆ ಸಿಗದೆ ಬೇರ್ಪಡಿಸುವುದು ಕಷ್ಟ. ಅಳೆಯಬೇಕೆಂದರೆ ಹಿಡಿಯಬೇಕು, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ, ತರಬೇತಿ ಎರಡೂ ಬೇಕು. 2022ರ ತಿದ್ದುಪಡಿಗೆ ಮುಂಚೆ ವನ್ಯಜೀವಿ ಸಂರಕ್ಷಣಾ ಕಾನೂನಿನಲ್ಲಿ ಹೆಚ್ಚಿನ ಹಣ್ಣಿನ ಬಾವಲಿಗಳು ಹಾನಿಕಾರಕ ಪ್ರಾಣಿಗಳ ಪಟ್ಟಿಯಲ್ಲಿದ್ದವು, ಈಗ ಆ ಪಟ್ಟಿಯೇ ಇಲ್ಲ. ಬಗನಿ ಗೊನೆ ಕಡಿಸುವ ಮೊದಲು ಒಳಗೆ ಯಾರಾದರೂ ಇದ್ದಾರಾ ಅಂತ ಒಮ್ಮೆ ಕೆಳಗಿನಿಂದ ನೋಡಿ, ಫೋಟೋ ಇದ್ದರೆ ಎರಡನೇ ಬೆರಳು ಕಾಣುವ ಹಾಗೆ ತೆಗೆದಿರಿ.