ಕೊಡ ತುಂಬುವ ಸದ್ದು ಕೇಳಿಸಿ, ಆಮೇಲೆ ಸರಿಗಮ

ಗಂಗಾವತಿಯ ನಮ್ಮ ಓಣಿಯಲ್ಲಿ ಸಂಜೆ ಹೊತ್ತು ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಹೊಸ ಮಗುವನ್ನು ಕರೆತರುವ ತಾಯಂದಿರು ಕೇಳುವುದು ಒಂದೇ: "ಅಕ್ಕಾರ, ಸರಿಗಮ ಯಾವಾಗ ಶುರು ಮಾಡ್ತೀರಿ?" ಅವಸರ ಬೇಡ. ದನಿ ಏರಿತೋ ಇಳಿಯಿತೋ ಅನ್ನುವುದು ಮೊದಲು ಮಗುವಿನ ಕಿವಿಗೂ ಮೈಗೂ ಗೊತ್ತಾಗಬೇಕು.

ಅದಕ್ಕೆ ಮನೆಯ ಕೊಡವೇ ಸಾಕು. ನಲ್ಲಿ ನೀರು ಬರುವ ದಿನವೇ ಈ ಪಾಠ ಇಟ್ಟುಕೊಳ್ಳಿ, ನೀರು ಸುಮ್ನೆ ಚೆಲ್ಲುವುದಿಲ್ಲ. ಖಾಲಿ ಕೊಡಕ್ಕೆ ನೀರು ಬಿಟ್ಟಾಗ ಮೊದಲು ದಪ್ಪ ಸದ್ದು. ನೀರು ಏರಿದಂತೆ ಒಳಗೆ ಗಾಳಿಯ ಜಾಗ ಕಡಿಮೆಯಾಗಿ ಸದ್ದು ತೆಳ್ಳಗಾಗುತ್ತಾ ಮೇಲೇರುತ್ತದೆ. ಮಕ್ಕಳನ್ನು ಕುಕ್ಕರುಗಾಲಲ್ಲಿ ಕೂರಿಸಿ. ಸದ್ದು ಏರಿದ ಹಾಗೆ ನಿಧಾನಕ್ಕೆ ಏಳಬೇಕು, ಕೊಡ ತುಂಬುವಷ್ಟರಲ್ಲಿ ಕೈ ಮೇಲೆತ್ತಿ ತುದಿಗಾಲಲ್ಲಿ ನಿಂತಿರಬೇಕು. ಎರಡನೇ ಕೊಡಕ್ಕೆ ಕಣ್ಣು ಮುಚ್ಚಿಸಿ. ಪಕ್ಕದವರನ್ನು ನೋಡಿ ಏಳುತ್ತಿದ್ದವರು ಯಾರು ಅಂತ ಆಗ ತಿಳಿಯುತ್ತದೆ. ಮೂರನೆಯದಕ್ಕೆ ಮಕ್ಕಳೇ 'ಊ' ಎನ್ನುತ್ತಾ ಕೊಡದ ಜೊತೆ ದನಿ ಏರಿಸಲಿ.

ಇಲ್ಲೊಂದು ಎಚ್ಚರ. ಮೇಲಿನ ಸ್ವರ ಅಂದರೆ ಕಿರುಚುವುದು ಅಂದುಕೊಳ್ಳುವ ಮಕ್ಕಳು ಜಾಸ್ತಿ. ಮೇಲಿನದನ್ನು ಮೆಲ್ಲಗೆ, ಕೆಳಗಿನದನ್ನು ಗಟ್ಟಿಯಾಗಿ ಹಾಡಿ ತೋರಿಸಿ.

ಆಮೇಲೆ ಸ್ವರಕ್ಕೆ ಬನ್ನಿ. ಏಳೂ ಬೇಡ, ಪ ಮತ್ತು ಗ ಎರಡೇ ಸಾಕು. ಓಣಿಯ ಆ ಕಡೆ ಆಡುತ್ತಿರುವ ಮಗುವನ್ನು ತಾಯಿ "ಪುಟ್ಟೀ..." ಅಂತ ಕೂಗುತ್ತಾಳೆ ಅಲ್ವಾ? ನಾನು ಗಮನಿಸಿದಂತೆ ಆ ಕೂಗು ಬಹಳ ಸಲ ಪ-ದಿಂದ ಗ-ಕ್ಕೆ ಇಳಿಯುತ್ತದೆ. ಪ್ರತಿ ಮಗುವಿನ ಹೆಸರನ್ನೂ ಹಾಗೇ ಹಾಡಿ ಕರೆಯಿರಿ, ಮಗು ಅದೇ ಎರಡು ಸ್ವರದಲ್ಲಿ "ಬಂದೇ" ಅನ್ನಲಿ. ಪ ಹಾಡುವಾಗ ಕೈ ಹೆಗಲಿಗೆ, ಗ ಹಾಡುವಾಗ ಸೊಂಟಕ್ಕೆ. ಇದು ಪಕ್ಕಾ ಆದಮೇಲೆ ತಲೆಗೆ ದ, ಮೊಣಕಾಲಿಗೆ ಸ. ಜಾಗ ಮಾತ್ರ ಬದಲಾಯಿಸಬೇಡಿ. ಇಂಗ್ಲೆಂಡಿನ ಸಂಗೀತ ಶಿಕ್ಷಕ ಜಾನ್ ಕರ್ವೆನ್ ಸ್ವರಗಳಿಗೆ ಬಳಸಿದ ಕೈಸನ್ನೆಗಳನ್ನು ಹಂಗೇರಿಯ ಸಂಗೀತಗಾರ ಕೊಡಾಯ್ (1882–1967) ಅವರ ಪದ್ಧತಿ ಶಾಲೆಗಳಿಗೆ ತಂದದ್ದೂ ಇದೇ ಕಾರಣಕ್ಕೆ: ಕಿವಿಗೆ ಕೇಳಿದ್ದು ಕಣ್ಣಿಗೂ ಕಾಣಬೇಕು.

ಶ್ರುತಿ, ಅಂದರೆ ಸ ಹಿಡಿಯುವ ಮಟ್ಟ, ಹಾರ್ಮೋನಿಯಂನ ಮಧ್ಯ ಸಪ್ತಕದ (ನಡುವಿನ ಏಳು ಸ್ವರಗಳ ಗುಂಪಿನ) ಮೊದಲ ಅಥವಾ ಎರಡನೇ ಬಿಳಿ ಕೀಲಿ ಇರಲಿ. ದೊಡ್ಡವರ ಶ್ರುತಿಗೆ ಹಾಡಿಸಿದರೆ ಮಕ್ಕಳ ದನಿ ಗಂಟಲಲ್ಲೇ ಉಳಿಯುತ್ತದೆ. ಗಂಡಸರು ಕಲಿಸುವುದಾದರೆ ಅವರ ದನಿ ಒಂದು ಸಪ್ತಕ ಕೆಳಗಿರುತ್ತದೆ, ಪುಟ್ಟ ಮಕ್ಕಳಿಗೆ ಗೊಂದಲವಾಗುತ್ತದೆ. ದೊಡ್ಡ ಹುಡುಗಿಯೊಬ್ಬಳಿಂದ ಮೊದಲು ಹಾಡಿಸಿ. ಫೋನಿನಲ್ಲಿ ತಂಬೂರಿ ಸಣ್ಣಗೆ ಇದ್ದರೆ ಸಾಕು. ಮಕ್ಕಳು ಹಾಡುವಾಗ ಹಾರ್ಮೋನಿಯಂ ಮುಚ್ಚಿಡಿ.

ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುವ ಮಗು ಇದ್ದೇ ಇರುತ್ತದೆ. "ಇವನಿಗೆ ಶ್ರುತಿ ಬರಲ್ಲ" ಅಂತ ದಯವಿಟ್ಟು ಹೇಳಬೇಡಿ, ಅದರ ಎದುರಿಗಂತೂ ಬೇಡವೇ ಬೇಡ. ನನ್ನಲ್ಲಿ ಐದು ವರ್ಷದ ಹುಡುಗನೊಬ್ಬ ಪ ಹಾಡು ಅಂದರೂ ಗ ಹಾಡು ಅಂದರೂ ಕೆಳಗಿನ ಒಂದೇ ಸ್ವರ ಹಿಡಿಯುತ್ತಿದ್ದ. ಅವನನ್ನು ಮೇಲೆ ಎಳೆಯಲಿಲ್ಲ, ನಾನೇ ಅವನ ಸ್ವರಕ್ಕೆ ಇಳಿದು ಜೊತೆಗೆ ಹಾಡಿದೆ. ಎರಡು ದನಿ ಕೂಡಿದ ಕೂಡಲೇ ಹಾಡು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿದ. ಆಮೇಲೆ ಇಬ್ಬರೂ ಕೈ ಹಿಡಿದು ಕಟ್ಟೆಯ ಮೆಟ್ಟಿಲು ಹತ್ತಿದೆವು, ಮೆಟ್ಟಿಲಿಗೊಂದು ಸ್ವರ. ಮೊದಮೊದಲು ಎರಡನೇ ಮೆಟ್ಟಿಲಿನ ತನಕ ಅಷ್ಟೇ. ಅಲ್ಲಿಂದ ಮುಂದಕ್ಕೆ ಅವನೇ ಹತ್ತಿದ.

ಸರಳೆ ವರಸೆ, ಅಂದರೆ ಸರಿಗಮದ ಮೊದಲ ಪಾಠ, ಬೇಡ ಅಂತಲ್ಲ. ಅದನ್ನು ಕಟ್ಟಿಕೊಟ್ಟವರು ಪುರಂದರದಾಸರು ಅನ್ನುವುದು ಸಂಪ್ರದಾಯದ ಮಾತು, ಅವರ ಹೆಸರಿನ ಮಂಟಪ ನಮಗೆ ಹೊಳೆಯಾಚೆ ಹಂಪಿಯಲ್ಲೇ ಇದೆ. ಆದರೆ ಅದನ್ನು ಹಾಡುವ ಮಾಯಾಮಾಳವಗೌಳ ರಾಗದಲ್ಲಿ ಸ ಮತ್ತು ರಿ ತೀರಾ ಹತ್ತಿರ. ಪ-ಗ ಬೇರೆ ಅಂತಲೇ ತಿಳಿಯದ ಕಿವಿಗೆ ಆ ಅಂತರ ಹೇಗೆ ಸಿಕ್ಕೀತು? ಕಣ್ಣು ಮುಚ್ಚಿ ನಿಂತ ಮಗು, ನೀವು ಪ, ಗ, ಸ ಹಿಂದುಮುಂದಾಗಿ ಹಾಡಿದರೂ ಕೈಯನ್ನು ಸರಿಯಾದ ಜಾಗಕ್ಕೆ ಒಯ್ಯಲಿ. ಆಗ ಶುರು ಮಾಡಿ.